ಕಲ್ಲನ್ನು ಹೊಗಳುವವರಿಗೆ ಒಂದು ಮಾತು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಇಂಗ್ಲೆಂಡಿನ ಶ್ರೀಮಂತರ ಹಳ್ಳಿಮನೆಗಳನ್ನು ಕಂಡವರಲ್ಲ. ಕಂಡಿದ್ದರೆ ಆ ಗಾದೆಗೆ ಒಬ್ಬ ತಮ್ಮನನ್ನೂ ಹುಟ್ಟಿಸುತ್ತಿದ್ದರೋ ಏನೋ!

ಈಚೆಗೆ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿ ಬಂದ ಮಿತ್ರರೊಬ್ಬರು ತಮ್ಮ ಮೊಬೈಲಿನಲ್ಲಿ ಡಾರ್ಬಿಷೈರ್ ಪ್ರಾಂತದ ಕೆಡಲ್‌ಸ್ಟನ್ ಹಾಲ್ ಎಂಬ ಮನೆಯ ಚಿತ್ರಗಳನ್ನು ತೋರಿಸಿದರು. ಮನೆ ಎಂದರೆ ನಮ್ಮ ನಿಮ್ಮ ಮನೆಯಲ್ಲ, ಅರಮನೆಯೇ. ಎತ್ತರದ ಮುಖಮಂಟಪ, ಅದಕ್ಕೆ ಆರು ಕಂಬ, ಇಕ್ಕೆಲಗಳಲ್ಲಿ ಬಾಗಿದ ಮೊಗಸಾಲೆ, ಮುಂದೆ ಹಸುರು ಬಯಲು, ಬಯಲಿನ ತಗ್ಗಿನಲ್ಲಿ ಕೆರೆ, ಕೆರೆಗೆ ಮೂರು ಕಮಾನಿನ ಸೇತುವೆ. ಮಿತ್ರರು ಒಂದೊಂದು ಚಿತ್ರಕ್ಕೂ ನಿಟ್ಟುಸಿರು ಬಿಟ್ಟು, “ಏನು ಅಭಿರುಚಿ! ಏನು ಶಾಂತಿ!” ಎನ್ನುತ್ತಿದ್ದರು.

“ಊರು ಎಲ್ಲಿ?” ಎಂದು ಕೇಳಿದೆ.

“ಯಾವ ಊರು?”

“ಮನೆಗೆ ಹೆಸರು ಕೊಟ್ಟ ಊರು. ಕೆಡಲ್‌ಸ್ಟನ್ ಎಂಬುದು ಮನೆಯ ಹೆಸರಾಗುವ ಮೊದಲು ಒಂದು ಊರಿನ ಹೆಸರು.”

ಮಿತ್ರರಿಗೆ ಬೇಸರವಾಯಿತು. “ನಿಮಗೆ ಎಲ್ಲದರಲ್ಲಿಯೂ ರಾಜಕೀಯವೇ ಬೇಕು. ಶಿಲ್ಪವನ್ನು ಶಿಲ್ಪವೆಂದು ನೋಡಬಾರದೇ?” ಎಂದರು.

ಸುಶಿಕ್ಷಿತರೆನಿಸಿಕೊಂಡ ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯವೂ ಇದೇ. ಇಂಗ್ಲೆಂಡಿನಲ್ಲಿಯಂತೂ ಈ ಮಾತಿಗಾಗಿ ದೊಡ್ಡ ಜಗಳವೇ ನಡೆದುಹೋಗಿದೆ. ಆದ್ದರಿಂದ ಇದಕ್ಕೆ ನೇರವಾಗಿಯೇ ಉತ್ತರ ಹೇಳಬೇಕು. ನಾನು ಹೇಳುವುದಿಷ್ಟೆ: ಶಿಲ್ಪವನ್ನು ಶಿಲ್ಪವೆಂದೇ ನೋಡೋಣ, ಆದರೆ ಪೂರ್ತಿಯಾಗಿ ನೋಡೋಣ. ಕಂಬವನ್ನು ನೋಡಿ ನಕ್ಷೆಯನ್ನು ಬಿಡುವುದು ಶಿಲ್ಪವನ್ನು ನೋಡುವ ರೀತಿಯಲ್ಲ. ಮನೆಯ ರಾಜಕೀಯವು ಹೊರಗಿನಿಂದ ಯಾರೋ ತಂದು ಅಂಟಿಸಿದ್ದಲ್ಲ. ಅದು ನಕ್ಷೆಯಲ್ಲಿಯೇ ಇದೆ.

ಕರ್ಜನ್ ಮನೆತನದವರು ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಕೆಡಲ್‌ಸ್ಟನ್ನಿನ ಒಡೆಯರಾಗಿದ್ದವರು. 1758ರಲ್ಲಿ ತಂದೆ ತೀರಿಕೊಂಡ ಮೇಲೆ ಸರ್ ನಥಾನಿಯಲ್ ಕರ್ಜನ್ ಆಸ್ತಿಗೆ ಯಜಮಾನನಾದ. ಆಗ ಅಲ್ಲಿದ್ದ ಕೆಂಪಿಟ್ಟಿಗೆಯ ಮನೆಗೆ ಸುಮಾರು ಅರವತ್ತು ವರ್ಷ. ಮನೆಗಳ ಆಯುಸ್ಸಿನಲ್ಲಿ ಅದು ಯೌವನವೇ. ಆದರೂ ಅದನ್ನು ಕೆಡವಿಸಿ 1759ರಲ್ಲಿ ಹೊಸ ಮನೆಗೆ ಕೈಹಾಕಿದ. ಎರಡು ವರ್ಷದೊಳಗೆ ಮೂವರು ಶಿಲ್ಪಿಗಳು ಬಂದರು. ಮೊದಲು ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್, ಆಮೇಲೆ ಜೇಮ್ಸ್ ಪೇನ್. ಕೊನೆಗೆ ಇಟಲಿಯ ಹಳೆಯ ಅವಶೇಷಗಳನ್ನು ಅಳೆದು ನೋಡಿ ಆಗತಾನೆ ಮರಳಿದ್ದ ಸ್ಕಾಟ್ಲೆಂಡಿನ ತರುಣ ರಾಬರ್ಟ್ ಆ್ಯಡಮ್. ಉತ್ತರದ ಮುಖದಲ್ಲಿ ಪೇನನ ಕೈ ಹೆಚ್ಚು. ದಕ್ಷಿಣದ ಮುಖ ಆ್ಯಡಮನದು. 1761ರಲ್ಲಿ ಸರ್ ನಥಾನಿಯಲ್‌ಗೆ ಲಾರ್ಡ್ ಸ್ಕಾರ್ಸ್‌ಡೇಲ್ ಎಂಬ ಬಿರುದೂ ಬಂತು.

ಈ ಮನೆಯ ಮೂಲ ಕಲ್ಪನೆ ಇಂಗ್ಲೆಂಡಿನದಲ್ಲ. ಅದು ಹದಿನಾರನೆಯ ಶತಮಾನದ ಇಟಲಿಯ ಶಿಲ್ಪಿ ಪಲ್ಲಾಡಿಯೊ ತನ್ನ ಗ್ರಂಥದಲ್ಲಿ ಪ್ರಕಟಿಸಿದ, ಕಾಗದದ ಮೇಲೆಯೇ ಉಳಿದುಹೋದ ವಿಲ್ಲಾ ಮೊಚೆನಿಗೊ ಎಂಬ ಮನೆಯ ನಕ್ಷೆಯಿಂದ ಬಂದದ್ದು. ನಡುವೆ ದೊಡ್ಡ ಮನೆ, ನಾಲ್ಕು ಮೂಲೆಗೂ ನಾಲ್ಕು ಉಪಗೃಹ, ಅವನ್ನು ಕೂಡಿಸಲು ಬಾಗಿದ ಮೊಗಸಾಲೆಗಳು. ಈ ಮೊಗಸಾಲೆಗಳು ಬರುವವರನ್ನು ಬರಮಾಡಿಕೊಳ್ಳಲು ಚಾಚಿದ ತೋಳುಗಳ ಹಾಗಿವೆ ಎಂದು ಪಲ್ಲಾಡಿಯೊ ತಾನೇ ವಿವರಿಸಿದ್ದಾನೆ. ಚೆಲುವಾದ ಮಾತು. ವೆನಿಸ್ಸಿನ ಒಳನಾಡಿನಲ್ಲಿ ಅವನು ಕಟ್ಟಿದ ಅನೇಕ ವಿಲ್ಲಾಗಳು ಬೇಸಾಯದ ಮನೆಗಳು. ಅವುಗಳ ಪಕ್ಕದ ಸಾಲುಗಳಲ್ಲಿ ಧಾನ್ಯವಿತ್ತು, ನೇಗಿಲಿತ್ತು, ದನಕರುಗಳಿದ್ದುವು. ಒಡೆಯ ಎಷ್ಟೇ ದೊಡ್ಡವನಾಗಲಿ, ತನ್ನ ಅನ್ನ ಎಲ್ಲಿಂದ ಬಂತೆಂಬುದು ಅವನ ಮನೆಯ ಮುಖದಲ್ಲಿಯೇ ಬರೆದಿತ್ತು.

ಡಾರ್ಬಿಷೈರಿಗೆ ಬಂದದ್ದು ಆ ಮನೆಯ ಆಕಾರ ಮಾತ್ರ. ಬೇಸಾಯ ಬರಲಿಲ್ಲ, ಬೇಸಾಯಗಾರನಂತೂ ಕಣ್ಣಿಗೆ ಬೀಳಲೇಕೂಡದು. ಚಾಚಿದ ತೋಳುಗಳ ಮುಂದೆ, ಒಡೆಯನ ದೃಷ್ಟಿ ಹರಿಯುವ ಕಡೆ, ಕೆಡಲ್‌ಸ್ಟನ್ ಎಂಬ ಹಳ್ಳಿಯಿತ್ತು. ಸರ್ ನಥಾನಿಯಲ್ ಅದನ್ನು ಅಲ್ಲಿಂದ ಎತ್ತಿಸಿ ದೂರದಲ್ಲಿ ಇಡಿಸಿದ. ಆ ದಾರಿಯಾಗಿ ಸುಂಕದ ರಸ್ತೆಯೊಂದು ಹಾದುಹೋಗುತ್ತಿತ್ತು. ಪಾರ್ಲಿಮೆಂಟಿನಿಂದ ಒಂದು ಕಾಯಿದೆಯನ್ನೇ ಮಾಡಿಸಿ ಅದನ್ನೂ ತಿರುಗಿಸಿದ. ಆನೆ ನಡೆದದ್ದೇ ದಾರಿ ಎನ್ನುತ್ತೇವೆ; ಇಲ್ಲಿ ಆನೆ ನಡೆಯದ ದಾರಿಯೂ ಆನೆಯ ಇಷ್ಟದಂತೆ ಹೋಗಬೇಕಾಯಿತು. ಹರಿಯುತ್ತಿದ್ದ ತೊರೆಗೆ ಅಡ್ಡಗಟ್ಟಿ ಕೆರೆ ಮಾಡಿದರು. ಒಂದು ಮಾತ್ರ ಉಳಿಯಿತು: ಮನೆಯ ಪಕ್ಕದ ಹಳೆಯ ಇಗರ್ಜಿ. ಅಲ್ಲಿ ಕರ್ಜನ್ ಮನೆತನದ ಪೂರ್ವಿಕರು ಮಲಗಿದ್ದರು. ಬದುಕಿದ್ದ ಊರನ್ನು ಎಬ್ಬಿಸಿದವರು ಸತ್ತಿದ್ದ ಹಿರಿಯರನ್ನು ಎಬ್ಬಿಸಲಿಲ್ಲ. ಊರೇ ಇಲ್ಲದ ಕಡೆ ಊರ ಇಗರ್ಜಿಯೊಂದು ಒಂಟಿಯಾಗಿ ನಿಂತಿರುವುದನ್ನು ಇಂದಿಗೂ ನೋಡಬಹುದು. ನನ್ನ ಮಿತ್ರರು ಮೆಚ್ಚಿದ ಶಾಂತಿ ಇದೇ. ಅದು ನಿಸರ್ಗದ ಶಾಂತಿಯಲ್ಲ. ಊರನ್ನು ಸಾಗಿಸಿ ಪಡೆದ ಶಾಂತಿ.

ಇನ್ನು ಒಳಕ್ಕೆ ಬನ್ನಿ. ಉದ್ದೇಶಿಸಿದ್ದ ನಾಲ್ಕು ಉಪಗೃಹಗಳಲ್ಲಿ ಉತ್ತರದ ಎರಡು ಮಾತ್ರ ಎದ್ದುವು. ದಕ್ಷಿಣದ ಎರಡು ಕಾಗದದಲ್ಲಿಯೇ ಉಳಿದುವು. ಆದರೂ ಉತ್ತರದ ಮುಖ ಒಂದು ತುದಿಯಿಂದ ಇನ್ನೊಂದು ತುದಿಗೆ 107 ಮೀಟರ್. ಪೂರ್ವದ ಉಪಗೃಹದಲ್ಲಿ ಕುಟುಂಬದ ವಾಸ, ಪಶ್ಚಿಮದ್ದರಲ್ಲಿ ಅಡಿಗೆಮನೆ. ಹಾಗಾದರೆ ನಡುವಣ ಆ ಮಹಾಮಂದಿರದಲ್ಲಿ ಇದ್ದವರು ಯಾರು? ನಿತ್ಯದ ಬದುಕಿಗಾಗಿ ಯಾರೂ ಇಲ್ಲ! ಅದು ತೋರಿಸುವುದಕ್ಕಾಗಿ ಕಟ್ಟಿದ್ದು. ಅಲ್ಲಿ ಮಾರ್ಬಲ್ ಹಾಲ್ ಎಂಬ ಹಜಾರವಿದೆ. ಅದರಲ್ಲಿ ಇಪ್ಪತ್ತು ಕಂಬಗಳು. ಹೆಸರಿಗೆ ಅಮೃತಶಿಲೆ, ಕಂಬಗಳು ಮಾತ್ರ ನಾಟಿಂಗ್‌ಹ್ಯಾಮ್‌ಷೈರಿನ ಅಲಬಾಸ್ಟರ್ ಎಂಬ ನಸುಗೆಂಪಿನ ಮೆದುಗಲ್ಲು. ಅದರ ಹಿಂದೆ ರೋಮಿನ ಪ್ಯಾಂಥಿಯನ್ ದೇಗುಲವನ್ನು ನೆನಪಿಗೆ ತರುವ ದುಂಡನೆಯ ಸಭಾಂಗಣ. ಅಡ್ಡಳತೆ 42 ಅಡಿ, ಗುಮ್ಮಟದವರೆಗೆ ಎತ್ತರ 62 ಅಡಿ. ಅಂದರೆ ಮನೆಯ ಯಜಮಾನ ತಾನು ಕಟ್ಟಿಸಿದ ಅರಮನೆಯ ರೆಕ್ಕೆಯಲ್ಲಿ ಸಂಸಾರ ಮಾಡಿಕೊಂಡಿದ್ದ; ನಡುಮನೆ ಅತಿಥಿಗಳ ಬೆರಗಿಗೆ ಮೀಸಲಾಗಿತ್ತು.

ಅಡಿಗೆಮನೆ ಒಂದು ತುದಿಗೆ. ಊಟದ ಕೋಣೆ ನಡುವಣ ಕಟ್ಟಡದಲ್ಲಿ. ನಡುವೆ ಬಾಗಿದ ಉದ್ದನೆಯ ಮೊಗಸಾಲೆ. ಪ್ರತಿಯೊಂದು ಪಾತ್ರೆಯೂ ಆ ಮೊಗಸಾಲೆಯನ್ನು ದಾಟಿ ಬರಬೇಕು. ಹೊಗೆ, ವಾಸನೆ, ಸದ್ದು, ಬೆಂಕಿಯ ಭಯ ಇವೆಲ್ಲ ದೂರವಿರಲಿ ಎಂಬುದು ಒಪ್ಪತಕ್ಕ ಕಾರಣವೇ. ಆದರೆ ಇಂಗ್ಲೆಂಡಿನ ಚಳಿಗಾಲದಲ್ಲಿ ಅಷ್ಟು ದೂರ ಬಂದ ಸಾರು ಎಷ್ಟು ಬಿಸಿಯಾಗಿ ಉಳಿದೀತು? ನಮ್ಮ ಯಾವ ಅಜ್ಜಿಯನ್ನು ಕೇಳಿದರೂ ಹೇಳಿಯಾಳು. ಆ ನಕ್ಷೆಯಲ್ಲಿ ಸಾರಿನ ಬಿಸಿಗಿಂತ ಕಂಬಗಳ ಸಾಲಿಗೆ ಬೆಲೆ ಹೆಚ್ಚು. ತಟ್ಟೆ ಹೊತ್ತವನ ಕಾಲಿಗೆ ಬೆಲೆಯೇ ಇಲ್ಲ.

ಇದು ಇಂದಿನವರ ಹೊಟ್ಟೆಕಿಚ್ಚಿನ ಮಾತು ಎನ್ನುವಿರಾ? 1777ರಲ್ಲಿ ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್ ತನ್ನ ಚರಿತ್ರಕಾರ ಬಾಸ್ವೆಲ್ಲನೊಡನೆ ಈ ಮನೆಗೆ ಹೋಗಿದ್ದ. ಜಾನ್ಸನ್ ಕ್ರಾಂತಿಕಾರನಲ್ಲ, ರಾಜಭಕ್ತಿಯಲ್ಲಿಯೂ ಸಂಪ್ರದಾಯನಿಷ್ಠೆಯಲ್ಲಿಯೂ ಎತ್ತಿದ ಕೈ. ಬಾಸ್ವೆಲ್ಲನು ಬಯಲನ್ನೂ ಮನೆಯನ್ನೂ ಕಂಡು ಹಿಗ್ಗಿದ. ಜಾನ್ಸನ್ನನಿಗೋ ಇದು ಪುರಭವನಕ್ಕೆ ಹೇಳಿ ಮಾಡಿಸಿದ ಕಟ್ಟಡವಾಗಿ ಕಂಡಿತು. ಕಂಬದ ಹಜಾರದಲ್ಲಿ ನ್ಯಾಯಾಧೀಶರು ಕುಳಿತುಕೊಳ್ಳಬಹುದು, ದುಂಡನೆಯ ಕೋಣೆ ಪಂಚರಿಗೆ ಆದೀತು, ಮೇಲಿನ ಕೋಣೆ ಕೈದಿಗಳಿಗೆ ಆದೀತು ಎಂದ. ಹಜಾರದಲ್ಲಿ ಬೆಳಕು ಸಾಲದು, ಮಲಗುವ ಕೋಣೆಗಳು ಸಾಧಾರಣ, ಸುರಿದ ಹಣ ವಿವೇಕವಿಲ್ಲದೆ ಸುರಿದದ್ದು ಎಂದೂ ತೀರ್ಪಿತ್ತ. ಜಾನ್ಸನ್ ಶಿಲ್ಪವನ್ನು ಶಿಲ್ಪವೆಂದೇ ನೋಡಿದವನು. ‘ಇದರಲ್ಲಿ ಬದುಕುವುದು ಹೇಗೆ?’ ಎಂಬುದು ಮನೆಗೆ ಹಾಕತಕ್ಕ ಮೊದಲನೆಯ ಪ್ರಶ್ನೆ. ಆ ಪ್ರಶ್ನೆಯನ್ನು ಅವನು ಹಾಕಿದ, ಅಷ್ಟೆ.

ಹೀಗೆಂದ ಮಾತ್ರಕ್ಕೆ ಆ್ಯಡಮನ ಪ್ರತಿಭೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ದಕ್ಷಿಣದ ಮುಖ ನಿಜವಾಗಿಯೂ ದೊಡ್ಡ ಕೃತಿ. ರೋಮಿನಲ್ಲಿರುವ ಕಾನ್‌ಸ್ಟಂಟೈನ್ ಚಕ್ರವರ್ತಿಯ ವಿಜಯದ ಕಮಾನನ್ನು ಎತ್ತಿಕೊಂಡು, ನಾಲ್ಕು ಬಿಡಿಗಂಬಗಳನ್ನು ಮುಂದೆ ನಿಲ್ಲಿಸಿ, ಅದರ ಹಿಂದೆ ತಗ್ಗಾದ ಗುಮ್ಮಟವನ್ನು ಏಳಿಸಿ, ಅಲುಗದ ಕಲ್ಲಿನಲ್ಲಿ ಒಂದು ಚಲನೆಯನ್ನು ಅವನು ತಂದಿದ್ದಾನೆ. ಗೋಡೆ ಒಂದು ಕಡೆ ಮುಂದೆ ಬರುತ್ತದೆ, ಒಂದು ಕಡೆ ಹಿಂದೆ ಸರಿಯುತ್ತದೆ. ಬಿಸಿಲು ಹೊರಳಿದಂತೆ ನೆರಳೂ ಹೊರಳುತ್ತದೆ. ಅದನ್ನು ಮೆಚ್ಚದವನಿಗೆ ಕಣ್ಣಿಲ್ಲವೆಂದೇ ಹೇಳಬೇಕು.

ಆದರೆ ಕಣ್ಣಿನ ಜೊತೆಗೆ ನೆನಪೂ ಇರಬೇಕಲ್ಲ! ಕಾನ್‌ಸ್ಟಂಟೈನನು 312ರಲ್ಲಿ ಒಂದು ಯುದ್ಧವನ್ನು ಗೆದ್ದ. ಆ ಗೆಲುವಿಗಾಗಿ ಕಮಾನು ಎದ್ದಿತು. ಸರ್ ನಥಾನಿಯಲ್ ಗೆದ್ದ ಯುದ್ಧ ಯಾವುದು? ತನ್ನ ಒಕ್ಕಲಿನ ಹಳ್ಳಿಯ ಮೇಲಿನದೊಂದೇ. ಇನ್ನೂ ತಮಾಷೆಯೆಂದರೆ, ರೋಮಿನ ಆ ಕಮಾನೇ ಅರ್ಧ ಸಾಲದ ಸೊತ್ತು. ಅದರ ಮೇಲಿನ ಅನೇಕ ಶಿಲ್ಪಗಳು ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಆರೀಲಿಯಸ್ ಮೊದಲಾದ ಹಿಂದಿನ ಚಕ್ರವರ್ತಿಗಳ ಸ್ಮಾರಕಗಳಿಂದ ಕಿತ್ತು ತಂದು ಕೂಡಿಸಿದವು. ಎರವಲು ಕೀರ್ತಿಯ ಕಮಾನನ್ನು ಎರವಲು ತಂದು ಹಿತ್ತಿಲ ಬಾಗಿಲಿಗೆ ಇಟ್ಟುಕೊಂಡ ಒಬ್ಬ ಜಮೀನುದಾರ: ಇದನ್ನೇ ನಾವು ‘ಅಭಿರುಚಿ’ ಎಂದು ಕರೆಯುತ್ತಿರುವುದು.

ಇಲ್ಲಿ ನನ್ನ ಪಕ್ಷದವರಿಗೂ ಒಂದು ಮಾತು ಹೇಳಬೇಕಾಗಿದೆ. ಇಂಗ್ಲೆಂಡಿನ ಎಲ್ಲ ದೊಡ್ಡ ಮನೆಗಳೂ ನಮ್ಮ ದೇಶದ ಲೂಟಿಯಿಂದ ಎದ್ದುವು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಕೆಲವು ಮನೆಗಳ ವಿಷಯದಲ್ಲಿ ಅದು ನಿಜ. ಕೆಲವು ಗುಲಾಮರ ಬೆವರಿನ ಸಕ್ಕರೆಯಿಂದ ಎದ್ದುವೆಂಬುದೂ ನಿಜ. ಕೆಡಲ್‌ಸ್ಟನ್ನನ್ನು ಮಾತ್ರ ಆ ಪಟ್ಟಿಗೆ ಸೇರಿಸಲಾಗದು. ಅದರ ಮೂಲಧನ ಮುಖ್ಯವಾಗಿ ಇಂಗ್ಲೆಂಡಿನ ಜಮೀನಿನ ಗೇಣಿ. ಸುಳ್ಳು ಆರೋಪದಿಂದ ನಿಜವಾದ ಆರೋಪಕ್ಕೇ ಕುಂದು. ನಿಜವಾದ ಆರೋಪ ಇನ್ನೂ ಆಳವಾದದ್ದು: ದುಡಿಯುವವನು ಕಣ್ಣಿಗೆ ಬೀಳಬಾರದು, ಆಳುವವನು ದೂರದಿಂದಲೇ ಕಾಣಬೇಕು ಎಂಬ ಈ ನಕ್ಷೆಯನ್ನು ಮೊದಲು ತಮ್ಮ ಊರಿನವರ ಮೇಲೆಯೇ ಪ್ರಯೋಗಿಸಿದರು. ನಮ್ಮ ಸರದಿ ಬಂದದ್ದು ಆಮೇಲೆ.

ಬಂದದ್ದು ಹೇಗೆಂಬುದನ್ನು ಊಹಿಸಬೇಕಾಗಿಲ್ಲ. ಅದೂ ಕಟ್ಟಡವಾಗಿಯೇ ನಿಂತಿದೆ. 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ವರ್ಷದಲ್ಲಿಯೇ, ಆ ಯುದ್ಧವನ್ನು ನಡೆಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯು ಕಲ್ಕತ್ತೆಯಲ್ಲಿ ಹೊಸ ಸರ್ಕಾರಿ ಭವನದ ಕೆಲಸ ಆರಂಭಿಸಿದ. ಬಂಗಾಳ ಎಂಜಿನಿಯರ್ ದಳದ ಚಾರ್ಲ್ಸ್ ವಯಟ್ ಅದಕ್ಕೆ ಮಾದರಿಯಾಗಿ ಹಿಡಿದದ್ದು ಕೆಡಲ್‌ಸ್ಟನ್ನನ್ನು. ನಡುವೆ ಗುಮ್ಮಟದ ಮನೆ, ಬಾಗಿದ ಮೊಗಸಾಲೆ, ಮೂಲೆಗೊಂದು ಉಪಗೃಹ. ಡಾರ್ಬಿಷೈರಿನಲ್ಲಿ ಎರಡಕ್ಕೇ ನಿಂತುಹೋದ ರೆಕ್ಕೆಗಳು ಕಲ್ಕತ್ತೆಯಲ್ಲಿ ನಾಲ್ಕೂ ಮೂಡಿದುವು! ಸ್ವಂತ ಹಣದಿಂದ ಒಡೆಯ ಮುಗಿಸದೆ ಬಿಟ್ಟ ನಕ್ಷೆ ನಮ್ಮವರ ಕಂದಾಯದಿಂದ ಪೂರ್ತಿಯಾಯಿತು. 1803ರ ಹೊತ್ತಿಗೆ ಸುಮಾರು 63,000 ಪೌಂಡು ಮುಗಿದಿತ್ತು. ಲಂಡನ್ನಿನ ಕಂಪನಿಯ ಡೈರೆಕ್ಟರುಗಳೇ ಈ ದುಂದಿಗೆ ಮುನಿದರು. ಆಗ ಬಂಗಾಳಕ್ಕೆ ಬಂದಿದ್ದ ಲಾರ್ಡ್ ವೆಲೆನ್ಷಿಯಾ ಎಂಬಾತ ವೆಲ್ಲೆಸ್ಲಿಯ ಪರವಾಗಿ, ಇಂಡಿಯವನ್ನು ಅಂಗಡಿಯ ಲೆಕ್ಕದ ಕೋಣೆಯಿಂದಲ್ಲ, ಅರಮನೆಯಿಂದ ಆಳಬೇಕೆಂದು ವಾದಿಸಿದ. ಕಲ್ಲಿಲ್ಲದ ಬಂಗಾಳದಲ್ಲಿ ಇಟ್ಟಿಗೆಗೆ ಗಾರೆ ಮೆತ್ತಿ ಕಲ್ಲಿನ ವೇಷ ಹಾಕಿಸಿದರು. ವೇಷಕ್ಕೆ ಪ್ರೇಕ್ಷಕರು ಯಾರೆಂಬುದನ್ನು ಹೇಳಬೇಕಾಗಿಲ್ಲ.

ಆ ನಾಲ್ಕು ರೆಕ್ಕೆಗಳಿಂದ ಎಲ್ಲ ದಿಕ್ಕಿನ ಗಾಳಿಯೂ ಮನೆಯೊಳಗೆ ಆಡುತ್ತದೆ ಎಂಬ ಗುಣವನ್ನು ಒಪ್ಪಬೇಕು. ಆದರೆ ಅಡಿಗೆಮನೆ? ಅಲ್ಲಿ ಅದು ರೆಕ್ಕೆಯ ತುದಿಯಲ್ಲಿಯೂ ಇರಲಿಲ್ಲ. ಆವರಣವನ್ನೇ ದಾಟಿ ಹೊರಗೆ ಹೋಗಿತ್ತು. 1884ರಿಂದ 1888ರವರೆಗೆ ಅಲ್ಲಿ ವಾಸವಾಗಿದ್ದ ವೈಸರಾಯನ ಹೆಂಡತಿ ಲೇಡಿ ಡಫರಿನ್, ಅಡಿಗೆಮನೆ ಕಲ್ಕತ್ತೆಯಲ್ಲೆಲ್ಲಿಯೋ ಇದೆ, ಈ ಮನೆಯಲ್ಲಿ ಮಾತ್ರ ಇಲ್ಲ ಎಂಬರ್ಥ ಬರುವಂತೆ ಬರೆದಿದ್ದಾಳೆ. ಡಾರ್ಬಿಷೈರಿನ ತಣ್ಣನೆಯ ಸಾರು ಸಮುದ್ರ ದಾಟಿ ಬಂದಿತ್ತು. ನಕಲು ಮಾಡುವವರು ಗುಣವನ್ನು ಬಿಟ್ಟರೂ ದೋಷವನ್ನು ಬಿಡುವುದಿಲ್ಲ, ಇನ್ನಷ್ಟು ಬೆಳೆಸುತ್ತಾರೆ.

ಈ ಕಥೆಗೆ ಕೊನೆಯ ತಿರುವು ಕೊಟ್ಟವನು ಅದೇ ಮನೆತನದ ಜಾರ್ಜ್ ನಥಾನಿಯಲ್ ಕರ್ಜನ್. 1859ರಲ್ಲಿ ಕೆಡಲ್‌ಸ್ಟನ್ನಿನಲ್ಲಿ ಹುಟ್ಟಿದವನು 1899ರಲ್ಲಿ ವೈಸರಾಯನಾಗಿ ಬಂದು ಇಳಿದದ್ದು ತನ್ನ ಮನೆಯದೇ ಪ್ರತಿರೂಪದಲ್ಲಿ! ಇವನನ್ನು ಬರಿಯ ಖಳನೆಂದು ಬರೆದರೆ ಅನ್ಯಾಯವಾಗುತ್ತದೆ. ನಮ್ಮ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1904ರ ಕಾಯಿದೆಯನ್ನು ತಂದವನು ಇವನೇ. ತಾಜಮಹಲಿನ ಜೀರ್ಣೋದ್ಧಾರಕ್ಕೆ ಮುತುವರ್ಜಿ ವಹಿಸಿದವನೂ ಇವನೇ. ಆದರೆ ಮರುವರ್ಷ, 1905ರಲ್ಲಿ, ಬಂಗಾಳವನ್ನು ಎರಡಾಗಿ ಕತ್ತರಿಸಿದವನೂ ಇವನೇ. ಕಲ್ಲು ಬಿರಿದರೆ ಮರುಗಿದ ಕೈ ಜನರನ್ನು ಸೀಳುವಾಗ ನಡುಗಲಿಲ್ಲ. ಹಳ್ಳಿಯನ್ನು ಎತ್ತಿಟ್ಟು ಇಗರ್ಜಿಯನ್ನು ಉಳಿಸಿಕೊಂಡ ಹಿರಿಯನ ವಂಶದಲ್ಲಿ ಇದು ಹೊಸ ಬುದ್ಧಿಯೇನಲ್ಲ.

ಅವನು ಪೂರ್ವದೇಶಗಳಿಂದ ಕೂಡಿಸಿದ ವಸ್ತುಗಳು ಕೆಡಲ್‌ಸ್ಟನ್ನಿನ ಕೆಳ ಅಂತಸ್ತಿನ ಮ್ಯೂಸಿಯಮ್ಮಿನಲ್ಲಿವೆ. 1903ರ ದೆಹಲಿ ದರ್ಬಾರಿನ ಕಾಲದಲ್ಲಿ ಅವನ ಹೆಂಡತಿ ಮೇರಿ ಕರ್ಜನ್ ಉಟ್ಟ ನವಿಲುಗರಿಯ ಉಡುಪೂ ಆ ಮನೆಯಲ್ಲಿದೆ. ಅದರ ಹೊಲಿಗೆ ಪ್ಯಾರಿಸಿನ ವರ್ತ್ ಅಂಗಡಿಯದು. ಜರಿಯ ಕಸೂತಿ, ಜೀರುಂಡೆಯ ಹಸುರು ರೆಕ್ಕೆಯನ್ನು ಒಂದೊಂದಾಗಿ ಕೂಡಿಸಿದ ಕಣ್ಣುಗಳು, ನಮ್ಮ ಕಸಬುದಾರರವು. ಉಟ್ಟವಳ ಹೆಸರು ಎಲ್ಲರಿಗೂ ಗೊತ್ತು, ಹೊಲಿದ ಅಂಗಡಿಯ ಹೆಸರೂ ಗೊತ್ತು. ಸೂಜಿ ಹಿಡಿದ ಬೆರಳುಗಳು ಯಾರವು? ಆ ಪ್ರಶ್ನೆಯೂ ಅಡಿಗೆಮನೆಯ ಮೊಗಸಾಲೆಯಲ್ಲಿಯೇ ಉಳಿದುಕೊಂಡಿದೆ.

1987ರಿಂದ ಮನೆ ನ್ಯಾಷನಲ್ ಟ್ರಸ್ಟಿನದು. ಆ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಒಂದು ವರದಿಯನ್ನು ಪ್ರಕಟಿಸಿ, ತನ್ನ ವಶದಲ್ಲಿರುವ 93 ಸ್ಥಳಗಳಿಗೆ ವಸಾಹತುಶಾಹಿಯೊಡನೆ ಅಥವಾ ಗುಲಾಮಗಿರಿಯೊಡನೆ ಇದ್ದ ಸಂಬಂಧವನ್ನು ಹೇಳಿತು. ಲಾರ್ಡ್ ಕರ್ಜನ್ನನಿಂದಾಗಿ ಕೆಡಲ್‌ಸ್ಟನ್ನಿನ ಹೆಸರೂ ಬಂತು. ಕೂಡಲೇ ಕೆಲವು ಪತ್ರಿಕೆಗಳೂ ಪಾರ್ಲಿಮೆಂಟಿನ ಕೆಲವು ಸದಸ್ಯರೂ ಹರಿಹಾಯ್ದರು. ಟ್ರಸ್ಟಿನ ಕೆಲಸ ಛಾವಣಿ ಸೋರದಂತೆ ನೋಡಿಕೊಳ್ಳುವುದು, ಇತಿಹಾಸದ ಪಾಠ ಹೇಳುವುದಲ್ಲ ಎಂಬ ಧಾಟಿ. ದೂರು ಧರ್ಮಾದಾಯ ಸಂಸ್ಥೆಗಳ ಆಯೋಗದವರೆಗೂ ಹೋಯಿತು; ಕ್ರಮ ಕೈಗೊಳ್ಳಲು ಆಧಾರವಿಲ್ಲವೆಂದು 2021ರಲ್ಲಿ ಆಯೋಗ ಹೇಳಿತು. ಆ ಸಿಟ್ಟಿನ ಮಾತುಗಳಿಗೂ ನನ್ನ ಮಿತ್ರರ ಬೇಸರಕ್ಕೂ ಬೇರು ಒಂದೇ: ಕಟ್ಟಡವೇ ಬೇರೆ, ಅದರ ಕಥೆಯೇ ಬೇರೆ ಎಂಬ ಭ್ರಮೆ.

ಕಥೆಯನ್ನು ಬಿಟ್ಟು ಕೆಡಲ್‌ಸ್ಟನ್ನನ್ನು ವಿವರಿಸಿ ನೋಡೋಣ. ಕುಟುಂಬ ನಡುಮನೆಯಲ್ಲಿರದೆ ರೆಕ್ಕೆಗೆ ಸರಿದದ್ದೇಕೆ? ಅಡಿಗೆಮನೆ ಅಷ್ಟು ದೂರವೇಕೆ? ಇಗರ್ಜಿ ಒಂಟಿಯೇಕೆ? ರಸ್ತೆ ಬಳಸಿ ಹೋಗುವುದೇಕೆ? ಬಯಲು ಅಷ್ಟು ಬಯಲಾಗಿರುವುದೇಕೆ? ಇವೆಲ್ಲ ಶಿಲ್ಪದ ಪ್ರಶ್ನೆಗಳೇ. ಉತ್ತರಗಳು ಮಾತ್ರ ಒಡೆಯನ, ಒಕ್ಕಲಿನ, ಆಳಿನ ಕಥೆಗಳು. ಕಥೆಯನ್ನು ಕಿತ್ತುಹಾಕಿದವರು ಶಿಲ್ಪವನ್ನು ಉಳಿಸಿದಂತಾಗುವುದಿಲ್ಲ. ಅದನ್ನು ಬರಿಯ ಚಿತ್ರಪಟವಾಗಿ ಮಾಡಿದಂತಾಗುತ್ತದೆ.

ಹಾಗೆಂದು ಕೆಡವಿರಿ ಎನ್ನುವವನಲ್ಲ ನಾನು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಳ್ಳಿಮನೆಗಳು ತೆರಿಗೆಯ ಭಾರಕ್ಕೂ ಆಳುಗಳ ಅಭಾವಕ್ಕೂ ಸಿಕ್ಕಿ ನೂರುಗಟ್ಟಲೆಯಾಗಿ ನೆಲಸಮವಾದುವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅವುಗಳ ಚಿತ್ರಗಳನ್ನು ಸಾಲಾಗಿ ಇಟ್ಟು ಒಂದು ಪ್ರದರ್ಶನವನ್ನೇ ನಡೆಸಿದರು. ಮನೆ ಹೋದರೆ ಸಾಕ್ಷಿಯೂ ಹೋಗುತ್ತದೆ. ಆರೋಪಿಯ ಮೇಲಿನ ಸಿಟ್ಟಿನಿಂದ ಸಾಕ್ಷಿಯನ್ನು ಕೊಲ್ಲುವುದು ಜಾಣತನವಲ್ಲ. ಮನೆ ಇರಲಿ, ಛಾವಣಿ ಸೋರದಿರಲಿ. ಆದರೆ ಅದು ತನ್ನ ಸಾಕ್ಷ್ಯವನ್ನು ಹೇಳಲಿ.

ಕೆಡಲ್‌ಸ್ಟನ್ನಿನ ಚಿತ್ರಗಳ ನಡುವೆ ಮಿಸೆಸ್ ಗಾರ್ನೆಟ್ ಎಂಬ ಹೆಂಗಸಿನದೊಂದಿದೆ. ಈಕೆ ಮನೆಯ ಒಡತಿಯಲ್ಲ. ಬೀಗದ ಕೈ ಇಟ್ಟುಕೊಂಡು, ಬಂದವರಿಗೆ ಮನೆ ತೋರಿಸುತ್ತಿದ್ದ ಮೇಲ್ವಿಚಾರಕಿ. ಕೈಯಲ್ಲಿ ಮನೆಯ ಕಲಾವಸ್ತುಗಳ ಪಟ್ಟಿ ಹಿಡಿದು ನಿಂತಿದ್ದಾಳೆ. ಒಬ್ಬ ಕೆಲಸದಾಕೆಗೆ ಅಷ್ಟು ಮರ್ಯಾದೆ ಸಂದದ್ದು ಆ ಕಾಲಕ್ಕೆ ಅಪರೂಪ. ಅದಕ್ಕಾಗಿ ಮನೆಯವರಿಗೆ ಒಂದು ಒಳ್ಳೆಯ ಮಾತು ಸಲ್ಲಬೇಕು. ಆದರೆ ಒಂದು ಮುಖ ಗೋಡೆಗೆ ಏರಿದಾಗ, ಮೊಗಸಾಲೆಯಲ್ಲಿ ತಟ್ಟೆ ಹೊತ್ತು ನಡೆದ ಉಳಿದ ಮುಖಗಳು ಎಷ್ಟೆಂಬುದೂ ಹೊಳೆಯಬೇಕಲ್ಲವೇ?

ಮಿತ್ರರು ಇನ್ನೊಮ್ಮೆ ಮಗಳ ಮನೆಗೆ ಹೋಗುವುದಾಗಿ ಹೇಳುತ್ತಿದ್ದಾರೆ. ಅವರಿಗೆ ನನ್ನದೊಂದು ಕೋರಿಕೆ. ಈ ಸಲ ಮುಖಮಂಟಪದಿಂದ ಆರಂಭಿಸುವುದು ಬೇಡ. ಅಡಿಗೆಮನೆಯಿದ್ದ ಪಶ್ಚಿಮದ ತುದಿಯಲ್ಲಿ ನಿಂತು, ಕೈಯಲ್ಲಿ ಬಿಸಿ ಪಾತ್ರೆಯೊಂದಿದೆ ಎಂದು ಭಾವಿಸಿಕೊಂಡು, ಊಟದ ಕೋಣೆಯ ದೂರವನ್ನು ಮನಸ್ಸಿನಲ್ಲಿಯೇ ಹೆಜ್ಜೆ ಎಣಿಸಿ ಅಳೆಯಲಿ. ಆಮೇಲೆ ಕಂಬಗಳನ್ನು ನೋಡಲಿ, ಗುಮ್ಮಟವನ್ನು ನೋಡಲಿ, ಬೇಕಾದಷ್ಟು ಹೊಗಳಲಿ. ಆ ಹೊಗಳಿಕೆಯನ್ನು ನಾನೂ ಕೂತು ಕೇಳುತ್ತೇನೆ.